ಗದ್ದಲದ ದಾಂಪತ್ಯಕ್ಕೂ ಕಪ್ಪು ಹಾಸ್ಯ ಬೇಕು

ಬನಶಂಕರಿ ಎರಡನೇ ಹಂತದ ಸುಚಿತ್ರಾ ಫಿಲ್ಮ್ ಸೊಸೈಟಿ ಶುರುವಾದದ್ದು 1971ರಲ್ಲಿ. ಹಾಗಾಗಿ ಜಯನಗರ, ಜೆ.ಪಿ. ನಗರದ ಕಡೆಯ ಸಿನಿಮಾಸಕ್ತರಿಗೆ ಯುರೋಪಿನ ಚಿತ್ರಗಳು ಹೊಸತಲ್ಲ. ಹೀಗಿದ್ದೂ ಹಳಸಿದ ದಾಂಪತ್ಯ ಕನ್ನಡದ ತೆರೆಗೆ ಬಂದಾಗ ಬಹುಪಾಲು ಕಣ್ಣೀರಿನಲ್ಲಿ ಕರಗುತ್ತದೆ, ಇಲ್ಲವೇ ಕೊನೆಯ ಹತ್ತು ನಿಮಿಷದಲ್ಲಿ ಹಿರಿಯರ ಬುದ್ಧಿಮಾತಿನಿಂದ ಸರಿಹೋಗುತ್ತದೆ. ನಕ್ಕ ಮೇಲೆ ಯಾಕಾದರೂ ನಕ್ಕೆವೋ ಅನ್ನಿಸುವಂಥ ಕಪ್ಪು ಹಾಸ್ಯ ಈ ವಸ್ತುವಿಗೆ ಒದಗಿದ್ದು ಅಪರೂಪ. ಅದು ಒದಗಲೇಬೇಕು, ಆದರೆ ಯುರೋಪಿನ ಮೌನವನ್ನು ಹಾಗೇ ತಂದು ಇಲ್ಲಿ ನೆಟ್ಟರೆ ಆಗದು.

ಸ್ವೀಡನ್ನಿನ ರೂಬೆನ್ ಓಸ್ಟ್‌ಲುಂಡ್ ಅವರ ‘ಫೋರ್ಸ್ ಮೆಜೂರ್’ (2014) ತೆಗೆದುಕೊಳ್ಳಿ. ಆಲ್ಪ್ಸ್ ಪರ್ವತದ ಹೋಟೆಲೊಂದರ ಹೊರಾಂಗಣದಲ್ಲಿ ಸಂಸಾರವೊಂದು ಊಟಕ್ಕೆ ಕೂತಿದೆ. ಹಿಮದ ರಾಶಿ ಜಾರಿ ಬರುತ್ತಿದ್ದಂತೆ ಗಂಡ ಫೋನು, ಕೈಗವಸು ಬಾಚಿಕೊಂಡು, ಹೆಂಡತಿ ಮಕ್ಕಳನ್ನು ಅಲ್ಲೇ ಬಿಟ್ಟು ಓಡುತ್ತಾನೆ. ಯಾರಿಗೂ ಏನೂ ಆಗುವುದಿಲ್ಲ. ಅವನು ಮರಳಿ ಬರುತ್ತಾನೆ, ಓಡಿದ್ದನ್ನು ಮಾತ್ರ ಒಪ್ಪುವುದಿಲ್ಲ. ಮುಂದಿನ ಸಿನಿಮಾವೆಲ್ಲ ಆ ಒಂದು ಹಠದ ಸುತ್ತ. ಗ್ರೀಸಿನ ಯೋರ್ಗೊಸ್ ಲಾಂತಿಮೋಸ್ ಅವರ ‘ದಿ ಲಾಬ್‌ಸ್ಟರ್’ನಲ್ಲಿ (2015) 45 ದಿನಗಳಲ್ಲಿ ಜೋಡಿ ಸಿಗದವರು ಪ್ರಾಣಿಗಳಾಗಬೇಕು. ಅದೂ ನಡೆಯುವುದು ಹೋಟೆಲಿನಲ್ಲೇ. ಬಂಧುಬಳಗವಿಲ್ಲದ ಆ ಕೋಣೆಗಳ ಒಂಟಿತನ ಅಲ್ಲಿನ ಸತ್ಯ.

ನಮ್ಮ ಸತ್ಯ ಬೇರೆ. ಗಿರೀಶ ಕಾಸರವಳ್ಳಿ ಅದನ್ನು ‘ಮನೆ’ (1990) ಚಿತ್ರದಲ್ಲೇ ಹಿಡಿದಿದ್ದರು. ಟಿ.ಜಿ. ರಾಘವ ಅವರ ಕಥೆ. ನಾಸಿರುದ್ದೀನ್ ಶಾ, ದೀಪ್ತಿ ನವಲ್ ದಂಪತಿ. ತಮ್ಮದೇ ಒಂದು ಬದುಕು ಬೇಕೆಂದು ನಗರಕ್ಕೆ ಬಂದು ಬಾಡಿಗೆ ಹಿಡಿದರೆ, ಪಕ್ಕದ ಶೆಡ್ಡಿನ ಬಡಿತ ಅವರ ರಾತ್ರಿಗಳನ್ನೇ ತಿಂದುಹಾಕುತ್ತದೆ. ಸದ್ದು ನಿಲ್ಲಿಸಲು ಪೊಲೀಸರ ಪ್ರಭಾವ ಹುಡುಕುತ್ತಾರೆ. ಅಷ್ಟರಲ್ಲಿ ಬಿರುಕು ಅವರಿಬ್ಬರ ನಡುವೆಯೇ ಬಿಟ್ಟಿರುತ್ತದೆ. ಇವತ್ತು ಬಿಟಿಎಂ ಲೇಔಟಿನಲ್ಲಿ ಪಕ್ಕದ ಮನೆಯ ಮಿಕ್ಸಿ, ಜಗಳ ಎರಡೂ ಕೇಳುವ ಬಾಡಿಗೆದಾರರಿಗೆ ಈ ಕಥೆ ಬಿಡಿಸಿ ಹೇಳಬೇಕಿಲ್ಲ. ವಿವೇಕ ಶಾನಭಾಗರ ಕಾದಂಬರಿ ‘ಘಾಚರ್ ಘೋಚರ್’ (2013) ಇನ್ನೂ ಒಳಗಿಳಿಯುತ್ತದೆ. ಮನೆಯ ಮಸಾಲೆ ಕಂಪನಿಯಲ್ಲಿ ಗಂಡನಿಗೆ ಹುದ್ದೆಯಿದೆ, ಹಣವೂ ಬರುತ್ತದೆ, ಕೆಲಸ ಮಾತ್ರ ಇಲ್ಲ. ಅದನ್ನು ಎತ್ತಿ ಆಡುವ ಹೆಂಡತಿ, ದುಡಿಯುವ ಚಿಕ್ಕಪ್ಪನನ್ನು ಕಾಯುವ ಇಡೀ ಕುಟುಂಬಕ್ಕೆ ಶತ್ರುವಾಗುತ್ತಾಳೆ. ಓದುವಾಗ ನಗು ತಡೆಯಲಾಗದು, ಮುಗಿಸಿದಾಗ ಭಯವಾಗುತ್ತದೆ. ಇಲ್ಲಿ ಗಂಡಹೆಂಡಿರನ್ನು ದೂರ ಮಾಡುವುದು ತುಂಬಿದ ಮನೆ. ನಮ್ಮ ಸಾಹಿತ್ಯಕ್ಕೆ ದಕ್ಕಿದ ಈ ಧಾಟಿ ಸಿನಿಮಾಕ್ಕೆ ಯಾಕೆ ದಕ್ಕಬಾರದು?

ನೊಂದವರನ್ನು ನೋಡಿ ನಗುವುದು ಕ್ರೌರ್ಯವಲ್ಲವೇ ಎಂಬ ಆಕ್ಷೇಪ ಸಣ್ಣದಲ್ಲ. ಆದರೆ ನಗು ಯಾರ ಕಡೆ ತಿರುಗಿದೆ ಎಂಬುದು ಮುಖ್ಯ. ಪಿಯೆತ್ರೊ ಜೆರ್ಮಿಯ ‘ಡೈವೋರ್ಸ್ ಇಟಾಲಿಯನ್ ಸ್ಟೈಲ್’ (1961) ಬಂದಾಗ ಇಟಲಿಯಲ್ಲಿ ವಿಚ್ಛೇದನಕ್ಕೆ ಕಾನೂನೇ ಇರಲಿಲ್ಲ, ಬಂದದ್ದು 1970ರಲ್ಲಿ. ಮರ್ಯಾದೆಯ ಹೆಸರಿನಲ್ಲಿ ಹೆಂಡತಿಯನ್ನು ಕೊಂದವನಿಗೆ ಮಾತ್ರ ಆಗ ಶಿಕ್ಷೆ ಕಡಿಮೆಯಿತ್ತು. ಅದನ್ನೇ ನಂಬಿ ಹೊಂಚು ಹಾಕುವ ಗಂಡನ ಕಥೆ ಅದು, ನಗು ನಾಟುವುದು ಆ ಕಾನೂನಿಗೆ, ಊರಿನ ಹುಸಿ ಮಾನಕ್ಕೆ. ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿ ನಮ್ಮದೇ ಕೌಟುಂಬಿಕ ನ್ಯಾಯಾಲಯಗಳಿವೆ. ಬೇರೆಯಾಗಲು ಇಬ್ಬರೂ ಒಪ್ಪಿದ ಮೇಲೂ ಹಿಂದೂ ವಿವಾಹ ಕಾಯ್ದೆ 6 ತಿಂಗಳು ಕಾಯಿರಿ ಎನ್ನುತ್ತದೆ. ಈ ಅವಧಿಯನ್ನು ಮನ್ನಾ ಮಾಡಬಹುದೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2017ರಲ್ಲಿ. ಆ 6 ತಿಂಗಳಲ್ಲಿ ಎರಡು ಕುಟುಂಬಗಳು ಏನೇನು ಮಾಡಬಲ್ಲವು ಎಂಬುದಷ್ಟೇ ಒಂದು ಇಡೀ ಚಿತ್ರಕಥೆಗೆ ಸಾಕು.

ಇಂಥದ್ದನ್ನು ಯಾರು ನೋಡುತ್ತಾರೆ ಎನ್ನುವ ನಿರ್ಮಾಪಕರಿಗೆ ‘ತಿಥಿ’ಯನ್ನು ನೆನಪಿಸಬೇಕು. ಮಂಡ್ಯ ಜಿಲ್ಲೆಯ ಹಳ್ಳಿಯಲ್ಲಿ, ನಟನೆ ವೃತ್ತಿಯಲ್ಲದ ಊರವರನ್ನೇ ಇಟ್ಟುಕೊಂಡು ರಾಮ್ ರೆಡ್ಡಿ ಮಾಡಿದ ಆ ಚಿತ್ರ 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗೆದ್ದು, ಮರುವರ್ಷ ಇಲ್ಲಿನ ಚಿತ್ರಮಂದಿರಗಳಿಗೂ ಬಂತು. 101 ವರ್ಷದ ಅಜ್ಜನ ಸಾವಿನ ಸುತ್ತ ಜನ ಮನಸಾರೆ ನಕ್ಕರು, ಸತ್ತವನಿಗೆ ಅದರಿಂದ ಅಗೌರವವಾಯಿತೆಂದು ಯಾರಿಗೂ ಅನ್ನಿಸಲಿಲ್ಲ.