ಆಟಗಾರನ ಕರಾರು

೨೦೨೫ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಬೆಂಗಳೂರು ಫುಟ್‌ಬಾಲ್ ಕ್ಲಬ್ಬಿನವರು ತಮ್ಮ ಮೊದಲ ತಂಡದ ಆಟಗಾರರಿಗೂ ಸಿಬ್ಬಂದಿಗೂ ಸಂಬಳ ಕೊಡುವುದನ್ನು ಅನಿರ್ದಿಷ್ಟ ಕಾಲದವರೆಗೆ ನಿಲ್ಲಿಸಿರುವುದಾಗಿ ಪ್ರಕಟಿಸಿದುದು ವಾಚಕರ ನೆನಪಿನಲ್ಲಿರಬಹುದು. ಇಂಡಿಯನ್ ಸೂಪರ್ ಲೀಗನ್ನು ನಡೆಸುವ ಹಕ್ಕಿನ ವಿಷಯದಲ್ಲಿ ಅಖಿಲ ಭಾರತ ಫುಟ್‌ಬಾಲ್ ಸಂಸ್ಥೆಗೂ ಅದರ ವ್ಯಾಪಾರೀ ಪಾಲುದಾರರಿಗೂ ಇದ್ದ ಒಪ್ಪಂದವು ಅದೇ ವರ್ಷದ ಡಿಸೆಂಬರಿನಲ್ಲಿ ತೀರುವುದಿತ್ತು. ಮುಂದೇನೆಂಬುದು ಗೊತ್ತಾಗದೆ ಪಂದ್ಯಾವಳಿಯೇ ತಡೆದು ನಿಂತಿತ್ತು. ಕ್ಲಬ್ಬಿಗೆ ಕಷ್ಟವಿರಲಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ದೊಡ್ಡವರ ಒಪ್ಪಂದ ಕೂಡಿಬರದೆ ಹೋದುದಕ್ಕೆ ಆಟಗಾರನ ಮನೆಯ ಒಲೆ ಏಕೆ ಆರಬೇಕು? ಅವನ ಕೈಯಲ್ಲಿಯೂ ಒಂದು ಕರಾರುಪತ್ರವಿತ್ತಲ್ಲವೆ?

ಈ ಕಸುಬಿನ ಕರಾರನ್ನು ಅರಿಯಬೇಕಾದರೆ ಮೊದಲು ಒಂದು ಭೇದವನ್ನು ಗಮನಿಸಬೇಕು. ಆಟಗಾರನಿಗೆ ಕಾಗದಗಳು ಎರಡು. ಒಂದು, ಕ್ಲಬ್ಬಿಗೂ ಅವನಿಗೂ ಆದ ಚಾಕರಿಯ ಕರಾರು; ಸಂಬಳ, ಮುದ್ದತು, ಗೆಲುವಿನ ಇನಾಮು ಮುಂತಾದವು ಅದರಲ್ಲಿರುತ್ತವೆ. ಇನ್ನೊಂದು, ಇಂಥವನು ಇಂಥ ಕ್ಲಬ್ಬಿನವನೆಂದು ಆಟದ ಆಡಳಿತ ಸಂಸ್ಥೆಯ ದಫ್ತರದಲ್ಲಿ ಆಗುವ ನೋಂದಣಿ. ಕರಾರಿನ ಮುದ್ದತು ತೀರಿದ ಗುಮಾಸ್ತನೊಬ್ಬನು ಮತ್ತೊಂದು ಕಚೇರಿಗೆ ಸೇರಲು ಹಳೆಯ ಧಣಿಯ ಅಪ್ಪಣೆ ಬೇಡಬೇಕಾಗಿಲ್ಲ. ಆಟಗಾರನಾದರೋ ನೋಂದಣಿ ಬದಲಾಗದೆ ಹೊಸ ಕ್ಲಬ್ಬಿನ ಪರವಾಗಿ ಅಂಗಳಕ್ಕೆ ಇಳಿಯುವಂತಿಲ್ಲ. ನೂರು ವರ್ಷಗಳಿಗೂ ಮೀರಿದ ಕಲಹವೆಲ್ಲ ಈ ಎರಡನೆಯ ಕಾಗದದ ಸುತ್ತಲೇ ನಡೆದಿದೆ.

ಇಂಗ್ಲೆಂಡಿನಲ್ಲಿ ಹಣಕ್ಕಾಗಿ ಆಡುವುದಕ್ಕೆ ೧೮೮೫ರಲ್ಲಿ ಮಾನ್ಯತೆ ದೊರೆಯಿತು. ಕೆಲವೇ ವರ್ಷಗಳಲ್ಲಿ ಅಲ್ಲಿಯ ಲೀಗಿನವರು ಒಂದು ಕಟ್ಟಳೆ ಮಾಡಿಕೊಂಡರು: ಕರಾರು ಮುಗಿದರೂ ಕ್ಲಬ್ಬು ಇಚ್ಛಿಸಿದರೆ ಆಟಗಾರನ ನೋಂದಣಿಯನ್ನು ತನ್ನಲ್ಲಿಯೇ ಇಟ್ಟುಕೊಳ್ಳಬಹುದು. ಅವನು ಹೊಸ ಕರಾರಿಗೆ ರುಜು ಹಾಕದಿದ್ದರೆ ಸಂಬಳವೂ ಇಲ್ಲ, ಬೇರೆಡೆ ಆಟವೂ ಇಲ್ಲ. ಇದು ಸಾಲದೆಂಬಂತೆ, ವಾರಕ್ಕೆ ೪ ಪೌಂಡಿಗಿಂತ ಹೆಚ್ಚು ಸಂಬಳ ಕೊಡಕೂಡದೆಂಬ ಮಿತಿಯೂ ೧೯೦೧ರಲ್ಲಿ ಜಾರಿಗೆ ಬಂದಿತು. ಆಟಗಾರರ ಸಂಘವು ಮುಷ್ಕರದ ಎಚ್ಚರಿಕೆ ಕೊಟ್ಟ ಮೇಲೆ ೧೯೬೧ರ ಜನವರಿಯಲ್ಲಿ ಆ ಮಿತಿ ರದ್ದಾದಾಗ ಅದು ೨೦ ಪೌಂಡಿಗೆ ಮಾತ್ರ ಏರಿತ್ತು. ಅಷ್ಟು ವರ್ಷ ಟಿಕೆಟು ಕೊಂಡು ಬಂದ ಜನ ನೋಡುತ್ತಿದ್ದುದು ಧಣಿಗಳನ್ನಲ್ಲ!

ನ್ಯೂಕ್ಯಾಸಲ್ ಯುನೈಟೆಡ್ ಕ್ಲಬ್ಬಿನ ಜಾರ್ಜ್ ಈಸ್ಟ್‌ಹ್ಯಾಮ್ ಎಂಬಾತನು ಈ ಕಟ್ಟಳೆಗೆ ಎದುರು ನಿಂತನು. ೧೯೬೦ರಲ್ಲಿ ಆತನ ಕರಾರು ಮುಗಿಯಿತು, ಕ್ಲಬ್ಬಿನವರು ಬಿಡಲೊಲ್ಲರು. ಆತನು ಬೂಟು ಕಳಚಿಟ್ಟು ದಕ್ಷಿಣ ಇಂಗ್ಲೆಂಡಿಗೆ ಹೋಗಿ ಕಾರ್ಕ್ ಮಾರುವ ಕೆಲಸಕ್ಕೆ ಸೇರಿದನು. ಆ ನವೆಂಬರಿನಲ್ಲಿ ಕ್ಲಬ್ಬು ಮಣಿದು, ೪೭,೫೦೦ ಪೌಂಡು ಪಡೆದು, ಆತನನ್ನು ಆರ್ಸೆನಲ್ ಕ್ಲಬ್ಬಿಗೆ ಬಿಟ್ಟುಕೊಟ್ಟಿತು. ತನ್ನ ಕೆಲಸವಾಯಿತೆಂದು ಆತನು ಸುಮ್ಮನಿರಬಹುದಾಗಿತ್ತು, ಸುಮ್ಮನಿರಲಿಲ್ಲ. ದಾವೆ ಮುಂದುವರಿಯಿತು. ಮುದ್ದತು ತೀರಿದವನನ್ನು ಹಿಡಿದಿಡುವ ಆ ಪದ್ಧತಿಯು ಕಸುಬಿಗೆ ಒಡ್ಡಿದ ನ್ಯಾಯವಲ್ಲದ ಅಡ್ಡಿಯೆಂದು ನ್ಯಾಯಮೂರ್ತಿ ವಿಲ್ಬರ್‌ಫೋರ್ಸರು ೧೯೬೩ರಲ್ಲಿ ತೀರ್ಪಿತ್ತರು.

ಪರಂತು ಯುರೋಪು ಖಂಡದ ಇತರ ಕಡೆಗಳಲ್ಲಿ ಹಿಡಿತ ಸಡಿಲಲಿಲ್ಲ. ಬೆಲ್ಜಿಯಮ್ಮಿನ ಲಿಯೇಜ್ ನಗರದ ಕ್ಲಬ್ಬಿನಲ್ಲಿದ್ದ ಜಾನ್-ಮಾರ್ಕ್ ಬೋಸ್ಮನ್‌ನ ಕರಾರು ೧೯೯೦ರಲ್ಲಿ ಮುಗಿದಾಗ, ಮೊದಲಿಗಿಂತ ಬಹಳ ಕಡಿಮೆ ಸಂಬಳದ ಹೊಸ ಕರಾರನ್ನು ಮುಂದಿಟ್ಟರು. ಫ್ರಾನ್ಸಿನ ಡಂಕರ್ಕ್ ಕ್ಲಬ್ಬು ಆತನನ್ನು ಕರೆಯಿತು. ನೋಂದಣಿಯ ಕಾಗದ ಮಾತ್ರ ಗಡಿ ದಾಟಲಿಲ್ಲ. ಐದು ವರ್ಷಗಳ ವ್ಯಾಜ್ಯದ ಕೊನೆಗೆ, ೧೯೯೫ರ ಡಿಸೆಂಬರ್ ೧೫ರಂದು, ಮುದ್ದತು ತೀರಿದ ಆಟಗಾರನು ಒಕ್ಕೂಟದ ಒಂದು ದೇಶದಿಂದ ಇನ್ನೊಂದಕ್ಕೆ ಹೋಗುವುದಕ್ಕೆ ಕ್ಲಬ್ಬುಗಳು ಹಣ ಕೇಳಕೂಡದೆಂದು ಯುರೋಪಿನ ನ್ಯಾಯಾಲಯವು ವಿಧಿಸಿತು. ಫಲವನ್ನು ಉಂಡವರು ಆತನ ಅನಂತರ ಬಂದವರು. ಬೋಸ್ಮನ್‌ನ ಆಟದ ವಯಸ್ಸು ನ್ಯಾಯಾಲಯದ ಮೆಟ್ಟಿಲುಗಳಲ್ಲಿಯೇ ಸವೆದುಹೋಯಿತು.

ಇಂದು ಪತ್ರಿಕೆಗಳಲ್ಲಿ ಕಾಣುವ ಕೋಟಿಗಟ್ಟಲೆಯ ವರ್ಗಾವಣೆಯ ಮೊತ್ತವು ಆದುದರಿಂದ ಮನುಷ್ಯನ ಬೆಲೆಯಲ್ಲ. ಕರಾರಿನಲ್ಲಿ ಉಳಿದಿರುವ ಮುದ್ದತಿನ ಬೆಲೆ. ೨೦೧೭ರಲ್ಲಿ ನೇಮಾರನ ಕರಾರನ್ನು ಬಿಡಿಸಿಕೊಳ್ಳಲು ಬಾರ್ಸಿಲೋನಾ ಕ್ಲಬ್ಬಿಗೆ ಸಂದ ೨೨.೨ ಕೋಟಿ ಯೂರೋ ಸಹ ಅಂಥದೇ. ಮುದ್ದತು ಕರಗಿದಂತೆ ಬೆಲೆಯೂ ಕರಗುತ್ತದೆ. ಕೊನೆಯ ಆರು ತಿಂಗಳಲ್ಲಿ ಆಟಗಾರನು ಬೇರೆ ಕ್ಲಬ್ಬಿನೊಡನೆ ಮುಂದಿನ ಕರಾರು ಮಾಡಿಕೊಳ್ಳಬಹುದು. ಹೀಗಾದರೆ ಬಾಲಕರನ್ನು ತಿದ್ದಿ ಬೆಳೆಸುವ ಸಣ್ಣ ಕ್ಲಬ್ಬುಗಳ ಗತಿಯೇನೆಂಬ ಆಕ್ಷೇಪವು ಹುರುಳಿಲ್ಲದ್ದಲ್ಲ. ಅದಕ್ಕಾಗಿಯೇ ಕಲಿಸಿದ ಕ್ಲಬ್ಬಿಗೆ ಪರಿಹಾರವನ್ನೂ, ವರ್ಗಾವಣೆಯ ಮೊತ್ತದಲ್ಲಿ ಶೇಕಡಾ ೫ರ ಪಾಲನ್ನೂ ವಿಶ್ವ ಫುಟ್‌ಬಾಲ್ ಸಂಸ್ಥೆಯಾದ ಫೀಫಾ ಗೊತ್ತುಮಾಡಿದೆ.

ಅದೇ ಫೀಫಾದ ನಿಯಮಾವಳಿಯಲ್ಲಿ ಇನ್ನೊಂದು ವಿಧಿಯಿದೆ. ಎರಡು ತಿಂಗಳ ಸಂಬಳವನ್ನು ಅಕ್ರಮವಾಗಿ ಬಾಕಿ ಇಟ್ಟ ಕ್ಲಬ್ಬಿಗೆ ಆಟಗಾರನು ಬರವಣಿಗೆಯಲ್ಲಿ ೧೫ ದಿನಗಳ ಅವಕಾಶ ಕೊಟ್ಟು, ಆಮೇಲೂ ಹಣ ಬಾರದಿದ್ದರೆ ಕರಾರನ್ನು ಮುರಿದುಕೊಳ್ಳಬಹುದು. ಒಳ್ಳೆಯ ವಿಧಿಯೇ. ಆದರೆ ಪಂದ್ಯಾವಳಿಯೇ ನಿಂತಿರುವಾಗ ಬಿಟ್ಟು ಹೋಗುವವನು ಹೋಗುವುದೆಲ್ಲಿಗೆ? ಹದಿನೆಂಟರಲ್ಲಿ ಮೊದಲ ಸಂಬಳ ಕಂಡವನು ಮೂವತ್ತೈದರಲ್ಲಿ ಹಳಬನೆನಿಸುವ ಕಸುಬು ಇದು. ಇತರರಿಗೆ ಒಂದು ವರ್ಷವೆಂದರೆ ಒಂದು ವರ್ಷ. ಇವನಿಗೆ ಅದು ದುಡಿಮೆಯ ಕಾಲದ ಹದಿನೇಳನೆಯ ಒಂದು ಪಾಲು.

ಆದಕಾರಣ ನಮ್ಮ ಫುಟ್‌ಬಾಲ್ ಸಂಸ್ಥೆಯವರು ಎರಡು ಏರ್ಪಾಡುಗಳನ್ನು ಮಾಡಬೇಕೆಂದು ಸೂಚಿಸುತ್ತೇವೆ. ಹಂಗಾಮಿಗೆ ಮೊದಲೇ ಪ್ರತಿಯೊಂದು ಕ್ಲಬ್ಬಿನಿಂದ ಮೂರು ತಿಂಗಳ ಸಂಬಳದಷ್ಟು ಹಣವನ್ನು ಠೇವಣಿಯಾಗಿ ಪಡೆದು, ಬಾಕಿ ಬಿದ್ದೊಡನೆ ಅದರಿಂದ ಆಟಗಾರರಿಗೆ ಸಲ್ಲಿಸುವುದು ಒಂದು. ರುಜು ಹಾಕುವ ಹುಡುಗನಿಗೆ ತಿಳಿಯುವ ಭಾಷೆಯಲ್ಲಿ, ಅದು ಕನ್ನಡವಾಗಲಿ ಮಣಿಪುರಿಯಾಗಲಿ ಬಂಗಾಳಿಯಾಗಲಿ, ಕರಾರಿನ ಪ್ರತಿಯೊಂದನ್ನು ರುಜುವಿಗೆ ಒಂದು ವಾರ ಮುಂಚೆ ಅವನ ಕೈಗೆ ಕೊಡುವುದು ಇನ್ನೊಂದು. ಈ ಎರಡನೆಯದಕ್ಕೆ ಖರ್ಚಾಗುವುದು ಕಾಗದ ಮತ್ತು ಮಸಿ ಮಾತ್ರ. ಅದನ್ನು ಬರುವ ಹಂಗಾಮಿನಿಂದಲೇ ಆರಂಭಿಸಬಹುದಾಗಿದೆ.