ಊಟಕ್ಕೆ ಹುಲಿ!

ಮಕ್ಕಳೇ, ಈ ತಿಂಗಳ ನಮ್ಮ ಪದ ‘ಮುಗುಳ್ನಗೆ’. ಮುಗುಳು ಎಂದರೆ ಮೊಗ್ಗು. ಮಲ್ಲಿಗೆ ಮೊಗ್ಗಿನ ಹಾಗೆ ಪೂರ್ತಿ ಅರಳದೆ, ಸದ್ದಿಲ್ಲದೆ ತುಟಿಯಂಚಿನಲ್ಲಿ ಮೂಡುವ ನಗು ಇದು. ಕಿರುನಗೆ, ನಸುನಗೆ, ಮಂದಹಾಸ ಇದರ ನಂಟರು. ಮನಸ್ಸಿಲ್ಲದೆ ನಕ್ಕರೆ ಅದು ಹುಸಿನಗೆ. ಯಕ್ಷಗಾನದ ರಾಕ್ಷಸ ನಕ್ಕರೆ ಅಟ್ಟಹಾಸ!

ಮುಗುಳ್ನಗೆ ಹೇಳಿ ಕೇಳಿ ಬರುವುದಿಲ್ಲ. ಇಲ್ಲಿ ಅಮೆರಿಕದ ದೊಡ್ಡ ಅಂಗಡಿಯಲ್ಲಿ ಗಾಡಿ ತಳ್ಳಿಕೊಂಡು ಹೋಗುತ್ತಿರುತ್ತೇವೆ. ಪಕ್ಕದ ಸಾಲಿನಿಂದ “ಅಷ್ಟೊಂದು ಯಾಕ್ರೀ? ಮನೇಲಿ ಇನ್ನೂ ಇದೆ!” ಎಂಬ ದನಿ ಕೇಳುತ್ತದೆ. ಅವರು ಯಾರೋ ಏನೋ, ಆದರೂ ಮುಖ ಅರಳುತ್ತದೆ. ವಿಡಿಯೋ ಕಾಲ್‌ನಲ್ಲಿ ಅಜ್ಜಿಯ ಹಣೆ ಮತ್ತು ತಿರುಗುವ ಫ್ಯಾನ್ ಮಾತ್ರ ಕಾಣುತ್ತಿರುತ್ತದೆ. “ನಾನು ಕಾಣ್ತಾ ಇದೀನಾ ಪುಟ್ಟಾ?” ಎಂದು ಅವರು ಕೇಳಿದರೆ ನಗದೇ ಇರಲು ಸಾಧ್ಯವೇ?

ನಮ್ಮ ತರಗತಿಯಲ್ಲೂ ಇಂಥ ಗಳಿಗೆಗಳು ಬರುತ್ತವೆ. ಮೊನ್ನೆ “ನಿನ್ನೆ ರಾತ್ರಿ ಊಟಕ್ಕೆ ಏನು?” ಎಂದು ಕೇಳಿದೆ. ಪುಟ್ಟ ಹುಡುಗಿಯೊಬ್ಬಳು ಎದ್ದು ನಿಂತು ಸ್ಪಷ್ಟವಾಗಿ ಹೇಳಿದಳು: “ಹುಲಿ, ಅನ್ನ, ಹಪ್ಪಳ.” ಪಕ್ಕದಲ್ಲಿದ್ದ ಹುಡುಗ ಕಣ್ಣರಳಿಸಿ, “ನೀವು ವೆಜಿಟೇರಿಯನ್ ಅಲ್ವಾ?” ಎಂದ.

ಅವಳು ಹೇಳಲು ಹೊರಟಿದ್ದು ‘ಹುಳಿ’. ಇದು ಅಸಡ್ಡೆಯಲ್ಲ. ‘ಲ’ ಹೇಳುವಾಗ ನಾಲಿಗೆಯ ತುದಿ ಮೇಲಿನ ಹಲ್ಲುಗಳ ಹಿಂಬದಿಗೆ ತಾಗುತ್ತದೆ. ‘ಳ’ಗೆ ಅದನ್ನು ಹಿಂದಕ್ಕೆ ಮಡಚಿ ಅಂಗುಳಕ್ಕೆ ತಾಗಿಸಬೇಕು. ಇಂಗ್ಲಿಷಿನಲ್ಲಿ ‘ಳ’ ಇಲ್ಲವೇ ಇಲ್ಲ. ದಿನವಿಡೀ ಇಂಗ್ಲಿಷ್ ಕೇಳುವ ಕಿವಿಗೆ ಹುಲಿಯೂ ಹುಳಿಯೂ ಒಂದೇ ಥರ ಕೇಳಿಸಿದರೆ ಆಶ್ಚರ್ಯವೇನು?

ಪೋಷಕರೇ, ಇನ್ನು ನಿಮ್ಮ ಹತ್ತಿರ ಒಂದು ಮಾತು. ಇಂಥ ಮಾತು ಕೇಳಿದಾಗ ನಗು ಬರುವುದು ಸಹಜ. ಆದರೆ ಮನೆಗೆ ನೆಂಟರು ಬಂದಾಗ “ಇನ್ನೊಂದ್ಸಲ ಹೇಳು, ಆಂಟಿಗೂ ಕೇಳಿಸಲಿ” ಎಂದು ಮಗುವನ್ನು ನಿಲ್ಲಿಸಿ ಎಲ್ಲರೂ ಗೊಳ್ಳೆಂದು ನಕ್ಕರೆ, ಅದು ಮುಗುಳ್ನಗೆಯಲ್ಲ, ನಗೆಪಾಟಲು. ನಮ್ಮಲ್ಲಿಗೆ ಬರುವ ಕೆಲವು ಮಕ್ಕಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ. ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಯಾಕೆ ಎಂದು ಒಬ್ಬನನ್ನು ಕೇಳಿದೆ. “ತಪ್ಪಾದ್ರೆ ಎಲ್ಲಾರೂ ನಗ್ತಾರೆ” ಎಂದ. ಅವನಿಗೆ ಈಗ ಹತ್ತು ವರ್ಷ. ಹೀಗೇ ಬಿಟ್ಟರೆ ಇನ್ನೈದು ವರ್ಷಕ್ಕೆ ಅಜ್ಜಿಯ ಜೊತೆ ಮಾತೇ ಇರುವುದಿಲ್ಲ.

ಹಾಗಾದರೆ ತಿದ್ದುವುದು ಬೇಡವೇ? ಬೇಕು. ಮಗು ‘ಹುಲಿ’ ಎಂದರೆ, “ಓಹೋ, ಹುಳಿ ಮಾಡಿದ್ರಾ? ಹುಳಿಗೆ ಏನು ತರಕಾರಿ ಹಾಕಿದ್ರು?” ಎಂದು ಮಾತು ಮುಂದುವರಿಸಿ. ಸರಿಯಾದ ಪದ ಕಿವಿಗೆ ಎರಡು ಸಲ ಬಿತ್ತು, ಮಾತೂ ನಿಲ್ಲಲಿಲ್ಲ. ಆಮೇಲೆ ಬೇಕಾದರೆ ಹುಲಿಯ ತಮಾಷೆಯನ್ನು ಮಗುವಿಗೇ ವಿವರಿಸಿ. ಮೊದಲು ಅದು ನಗಲಿ, ನೀವು ಜೊತೆಗೂಡಿ. ನಮ್ಮ ಹುಡುಗಿಗೂ ಹಾಗೇ ಹೇಳಿದೆವು. ಅವಳು ಬಿದ್ದು ಬಿದ್ದು ನಕ್ಕು, ಅನ್ನದ ತಟ್ಟೆಯಲ್ಲಿ ಕುಳಿತ ಹುಲಿಯ ಚಿತ್ರ ಬರೆದು ತಂದಳು. ಅದೀಗ ತರಗತಿಯ ಗೋಡೆಯ ಮೇಲಿದೆ.

ಮಾತನ್ನು ತಿರುಚಿ ನಗಿಸುವುದು ಕನ್ನಡಕ್ಕೆ ಹೊಸದೇನಲ್ಲ. ಟಿ.ಪಿ. ಕೈಲಾಸಂ ಕನ್ನಡ-ಇಂಗ್ಲಿಷ್ ಬೆರೆಸಿಯೇ ನಾಟಕ ನೋಡುವವರನ್ನು ನಗಿಸಿದರು. 1942ರಲ್ಲಿ ರಾಶಿಯವರು ಶುರುಮಾಡಿದ ‘ಕೊರವಂಜಿ’ ನಗೆಗೆಂದೇ ಇದ್ದ ಪತ್ರಿಕೆ, ಆರ್.ಕೆ. ಲಕ್ಷ್ಮಣ್ ಅದಕ್ಕೆ ಚಿತ್ರ ಬರೆದಿದ್ದರು.

ಮಕ್ಕಳೇ, ಈಗ ನಿಮ್ಮ ಸರದಿ. ಹಲ್ಲಿ-ಹಳ್ಳಿ, ಮೂಲೆ-ಮೂಳೆ, ಬೆಲೆ-ಬೆಳೆ, ಕೊಲೆ-ಕೊಳೆ. ಇವುಗಳಲ್ಲಿ ಒಂದು ಜೋಡಿ ಆರಿಸಿಕೊಳ್ಳಿ. ಅಜ್ಜ-ಅಜ್ಜಿಗೆ ಫೋನ್ ಮಾಡಿ, ಬೇಕೆಂದೇ ಅದಲು ಬದಲು ಮಾಡಿ ಒಂದು ವಾಕ್ಯ ಹೇಳಿ. “ನನ್ನ ಅಂಗಿ ಕೊಲೆಯಾಗಿದೆ” ಎಂದರೆ ಅವರು ಏನನ್ನುತ್ತಾರೆ? ಬರೆದುಕೊಂಡು ಬನ್ನಿ. ಮುಂದಿನ ತರಗತಿಯಲ್ಲಿ ಎಲ್ಲರೂ ಕೂಡಿ ಓದೋಣ.