ಒಂದು ಕಣ್ಣು ಕಣ್ಣಲ್ಲ

‘ಒಂದು ಕಣ್ಣು ಕಣ್ಣಲ್ಲ, ಒಬ್ಬ ಮಗ ಮಗನಲ್ಲ’ ಎಂಬುದು ಕನ್ನಡ ನಾಡಿನ ಹಳೆಯ ಗಾದೆ. ಇರುವುದು ಒಂದೇ ಆದರೆ, ಅದಕ್ಕೆ ಏನಾದೀತೋ ಎಂಬ ಅಂಜಿಕೆಯೇ ಇದ್ದುದರ ಸುಖವನ್ನು ತಿಂದುಹಾಕುತ್ತದೆ ಎಂಬುದು ಇದರ ತಾತ್ಪರ್ಯ. ಗಾದೆಯ ಎರಡನೆಯ ಅರ್ಧವನ್ನು ಇಂದಿನ ತಾಯಿತಂದೆಯರು ಒಪ್ಪಲಾರರು. ಆದರೆ ಮನೆತನದ ನೆನಪುಗಳನ್ನೆಲ್ಲ ಒಂದು ಸಣ್ಣ ಯಂತ್ರದ ವಶಕ್ಕೆ ಒಪ್ಪಿಸಿ ನಿಶ್ಚಿಂತರಾಗಿರುವ ಈ ಕಾಲದಲ್ಲಿ, ಅದರ ಮೊದಲ ಅರ್ಧ ಹಿಂದೆಂದಿಗಿಂತಲೂ ಹೆಚ್ಚು ನಿಜವಾಗಿದೆ.

ಬೆಂಗಳೂರಿನ ಕಾಟನ್‌ಪೇಟೆಯನ್ನೇ ತೆಗೆದುಕೊಳ್ಳಬಹುದು. ಅರಳೆಯ ವ್ಯಾಪಾರದಿಂದ ಅರಳೆಪೇಟೆ ಎನಿಸಿಕೊಂಡಿದ್ದ ಈ ಪೇಟೆಯಲ್ಲಿ ಕೆಳಗೆ ಅಂಗಡಿ, ಮೇಲೆ ಸಂಸಾರ ಎಂಬಂಥ ಮನೆಗಳು ಇಂದಿಗೂ ಇವೆ. ಚೈತ್ರ ಪೌರ್ಣಮಿಯ ರಾತ್ರಿ ಕರಗವು ಇಲ್ಲಿನ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಬಂದು ಹೋಗುವಾಗ ಉಪ್ಪರಿಗೆಯ ಕಿಟಕಿಗಳಲ್ಲೆಲ್ಲ ಮುಖಗಳು. ಈಚಿನ ವರ್ಷಗಳಲ್ಲಿ ಆ ಮುಖಗಳ ಮುಂದೆ ಒಂದೊಂದು ಫೋನು. ಅಜ್ಜನ ಕಾಲದ ಭಾವಚಿತ್ರಗಳು ಕಬ್ಬಿಣದ ಟ್ರಂಕಿನಲ್ಲಿ, ಮದುವೆಯ ಆಲ್ಬಮ್ಮು ಬೀರುವಿನಲ್ಲಿ ಇರುತ್ತಿದ್ದವು. ಈಗ ಅವೆಲ್ಲವನ್ನೂ ಸ್ಕ್ಯಾನ್ ಮಾಡಿಸಿ, ಕರಗದ ಚಲನಚಿತ್ರ, ಮಗುವಿನ ಮೊದಲ ಹೆಜ್ಜೆ, ಅಂಗಡಿಯ ಲೆಕ್ಕ, ತೀರಿಹೋದ ಅಜ್ಜಿ ಹಾಡಿದ ಸಂಪ್ರದಾಯದ ಹಾಡು, ಎಲ್ಲವನ್ನೂ ಮೂಲೆಯಲ್ಲಿರುವ ಒಂದು ಪೆಟ್ಟಿಗೆಗೆ ತುಂಬಿಡುವ ಮನೆಗಳು ಹೆಚ್ಚುತ್ತಿವೆ.

ಆ ಪೆಟ್ಟಿಗೆಯನ್ನು ಬಲ್ಲವರು ‘ನ್ಯಾಸ್’ ಎಂದು ಕರೆಯುತ್ತಾರೆ. ಅದು ಮೂರು ಇಂಗ್ಲಿಷ್ ಪದಗಳ ಮೊದಲಕ್ಷರಗಳಿಂದಾದ ಹೆಸರು. ಆದರೆ ಸಂಸ್ಕೃತದಲ್ಲಿ ‘ನ್ಯಾಸ’ವೆಂದರೆ ನಂಬಿ ಒಪ್ಪಿಸಿದ ಇಡುಗಂಟು ಎಂಬುದನ್ನು ನೆನೆದರೆ, ಈ ಹೆಸರು ಇದಕ್ಕೆ ಎಷ್ಟು ಚೆನ್ನಾಗಿ ಒಪ್ಪುತ್ತದೆಂದು ಯಾರಾದರೂ ಮೆಚ್ಚಬೇಕು! ಪೆಟ್ಟಿಗೆಯೊಳಗೆ ಸಾಮಾನ್ಯವಾಗಿ ಎರಡು ಡಿಸ್ಕುಗಳಿರುತ್ತವೆ. ಒಂದರಲ್ಲಿ ಬರೆದದ್ದು ಆ ಕ್ಷಣದಲ್ಲೇ ಇನ್ನೊಂದರಲ್ಲಿಯೂ ಬರೆಯಲ್ಪಡುತ್ತದೆ. ಒಂದು ಕೆಟ್ಟರೂ ಮತ್ತೊಂದರಲ್ಲಿ ಎಲ್ಲವೂ ಭದ್ರ. ಇದೇ ಜೋಡಿ ಡಿಸ್ಕಿನ ರಹಸ್ಯ. ತಿಳಿದವರ ಭಾಷೆಯಲ್ಲಿ ‘ಮಿರರ್’, ಎಂದರೆ ಕನ್ನಡಿ.

ಮೌನದ ಅಪಾಯ

ಡಿಸ್ಕು ಎಂಬುದು ಚಿರಂಜೀವಿಯಲ್ಲ. ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುವ ತಟ್ಟೆಗಳು, ಅವುಗಳ ಮೇಲೆ ಕೂದಲೆಳೆಗಿಂತ ಎಷ್ಟೋ ಪಾಲು ಕಡಮೆ ಅಂತರದಲ್ಲಿ ತೇಲುವ ಓದುಮೊನೆ, ಹಗಲಿರುಳೂ ನಿಲ್ಲದ ದುಡಿಮೆ. ಇಂದಲ್ಲ ನಾಳೆ ಅದು ಕೆಡಲೇಬೇಕು. ಲಕ್ಷಗಟ್ಟಲೆ ಡಿಸ್ಕುಗಳನ್ನು ನಡೆಸುವ ಬ್ಯಾಕ್‌ಬ್ಲೇಜ್ ಎಂಬ ಅಮೆರಿಕದ ಸಂಸ್ಥೆಯ 2023ರ ಲೆಕ್ಕದಂತೆ, ವರ್ಷವೊಂದಕ್ಕೆ ನೂರರಲ್ಲಿ ಒಂದೆರಡು ಡಿಸ್ಕು ಕೆಡುತ್ತವೆ. ಸಂಖ್ಯೆ ಸಣ್ಣದು. ಆದರೆ ಆ ಒಂದೆರಡು ಯಾರ ಮನೆಯವು ಎಂಬುದನ್ನು ಲೆಕ್ಕವು ಹೇಳುವುದಿಲ್ಲ.

ಕೆಟ್ಟ ದಿನ ಏನಾಗುತ್ತದೆ? ಏನೂ ಆಗುವುದಿಲ್ಲ, ಅಪಾಯವಿರುವುದೇ ಅಲ್ಲಿ. ಚಿತ್ರಗಳು ಎಂದಿನಂತೆ ತೆರೆಯುತ್ತವೆ, ಅಜ್ಜಿಯ ಹಾಡು ಎಂದಿನಂತೆ ಕೇಳುತ್ತದೆ. ಪೆಟ್ಟಿಗೆಯ ಮುಖದಲ್ಲಿ ಹಸಿರಾಗಿದ್ದ ಒಂದು ಸಣ್ಣ ದೀಪ ಕೆಂಪಿಗೋ ಕಿತ್ತಳೆಗೋ ತಿರುಗಿರುತ್ತದೆ. ‘ಬೀಪ್’ ಎಂಬ ಸದ್ದು ಬಿಟ್ಟು ಬಿಟ್ಟು ಕೇಳುತ್ತದೆ. ಮನೆಯಲ್ಲಿ ಯಾರೋ ಅದನ್ನು ಸಹಿಸಲಾರದೆ ಸದ್ದನ್ನಡಗಿಸುವ ಗುಂಡಿಯನ್ನು ಒತ್ತುತ್ತಾರೆ. ಮಗ ಹೊಸ ಡಿಸ್ಕಿನ ಮಾತೆತ್ತಿದರೆ, “ನಡೀತಾ ಇದೆಯಲ್ಲಪ್ಪ, ಈಗ್ಯಾಕೆ ದುಡ್ಡು? ಹಬ್ಬ ಕಳೀಲಿ, ನೋಡೋಣ” ಎಂದು ಹಿರಿಯರು ಹೇಳುತ್ತಾರೆ. ಹಬ್ಬ ಕಳೆಯುತ್ತದೆ, ಇನ್ನೊಂದು ಹಬ್ಬ ಬರುತ್ತದೆ. ಮನೆಯವರು ಎರಡು ಕಣ್ಣುಳ್ಳವರೆಂದೇ ತಿಳಿದಿದ್ದಾರೆ. ಪೆಟ್ಟಿಗೆಗೆ ಉಳಿದಿರುವುದು ಒಂದೇ ಕಣ್ಣು.

ಉಳಿದ ಆ ಡಿಸ್ಕಿನ ಸ್ಥಿತಿಯಾದರೂ ಹೇಗಿರುತ್ತದೆ? ಸಾಮಾನ್ಯವಾಗಿ ಎರಡನ್ನೂ ಒಂದೇ ದಿನ, ಒಂದೇ ಅಂಗಡಿಯಲ್ಲಿ ಕೊಂಡಿರುತ್ತಾರೆ. ಒಂದೇ ಕಾರ್ಖಾನೆ, ಒಂದೇ ತಂಡ, ಒಂದೇ ವಯಸ್ಸು. ಒಂದೇ ಬೇಸಗೆಯ ಶಾಖವನ್ನು ಕೂಡಿಯೇ ಉಂಡವು. ಅವಳಿಗಳಲ್ಲೊಂದು ಹೋದಮೇಲೆ ಮತ್ತೊಂದರ ಆಯುಸ್ಸಿನ ಮೇಲೆ ಭರವಸೆಯಿಡುವುದು ವಿವೇಕವಲ್ಲ.

ಲೆಕ್ಕದ ಪುಸ್ತಕದ ಉಪಾಯ

ಈ ಉಪಾಯದ ಹಿಂದೆ ಒಂದು ಸ್ವಾರಸ್ಯವಾದ ಇತಿಹಾಸವಿದೆ. 1956ರಲ್ಲಿ ಐ.ಬಿ.ಎಂ. ಸಂಸ್ಥೆ ಮೊಟ್ಟಮೊದಲ ಡಿಸ್ಕು ಯಂತ್ರವನ್ನು ಹೊರತಂದಿತು. ಇಪ್ಪತ್ತನಾಲ್ಕು ಅಂಗುಲ ಅಗಲದ ಐವತ್ತು ತಟ್ಟೆಗಳ ಆ ದೈತ್ಯ ಸುಮಾರು ಒಂದು ಟನ್ ತೂಗುತ್ತಿತ್ತು. ಅದರಲ್ಲಿ ಹಿಡಿಯುತ್ತಿದ್ದುದು ಐವತ್ತು ಲಕ್ಷ ಅಕ್ಷರ ಮಾತ್ರ. ಇಂದಿನ ಫೋನು ತೆಗೆಯುವ ಒಂದೆರಡು ಚಿತ್ರಗಳಿಗೆ ಅಷ್ಟು ಜಾಗ ಬೇಕಾಗುತ್ತದೆ. ಮುಂದೆ ಡಿಸ್ಕು ಚಿಕ್ಕದಾಯಿತು, ಅಗ್ಗವಾಯಿತು. 1988ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾನಿಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್, ರ‍್ಯಾಂಡಿ ಕಾಟ್ಜ್ ಎಂಬ ಮೂವರು ಒಂದು ಪ್ರಬಂಧವನ್ನು ಮಂಡಿಸಿದರು. ಬಹು ಬೆಲೆಯ ಒಂದು ದೊಡ್ಡ ಡಿಸ್ಕಿಗೆ ಬದಲು ಅಗ್ಗದ ಹಲವು ಚಿಕ್ಕ ಡಿಸ್ಕುಗಳನ್ನು ಕೂಡಿಸಿ ನಡೆಸಬಾರದೇಕೆ ಎಂಬುದು ಅವರ ವಾದ. ಡಿಸ್ಕು ಹೆಚ್ಚಿದಷ್ಟೂ ಕೆಡುವ ಸಂಭವ ಹೆಚ್ಚುತ್ತದೆಯಲ್ಲ ಎಂಬ ಆಕ್ಷೇಪಕ್ಕೆ ಉತ್ತರವಾಗಿ, ಒಂದು ಕೆಟ್ಟರೂ ಮಾಹಿತಿ ಕೆಡದಂಥ ಹಲವು ಕ್ರಮಗಳನ್ನು ವಿವರಿಸಿದರು. ಅವುಗಳ ಒಟ್ಟು ಹೆಸರೇ ‘ರೇಡ್’.

ಕನ್ನಡಿಯ ಕ್ರಮ ಮೇಲೆ ಹೇಳಿದ್ದಾಯಿತು. ಮೂರು ಅಥವಾ ಹೆಚ್ಚು ಡಿಸ್ಕುಗಳಿದ್ದಲ್ಲಿ ಇನ್ನೊಂದು ಕ್ರಮವಿದೆ. ಇದನ್ನು ಪೇಟೆಯ ಅರಿವೆ ವ್ಯಾಪಾರಿ ಕ್ಷಣದಲ್ಲಿ ಗ್ರಹಿಸಬಲ್ಲ. ಲೆಕ್ಕದ ಪುಸ್ತಕದಲ್ಲಿ ಸೋಮವಾರದ ವ್ಯಾಪಾರ 340, ಮಂಗಳವಾರದ್ದು 275, ಒಟ್ಟು 615 ಎಂದಿದೆ. ಮಂಗಳವಾರದ ಅಂಕಿಯ ಮೇಲೆ ಮಸಿ ಚೆಲ್ಲಿತು. ಚಿಂತೆಯೇನು? ಒಟ್ಟಿನಲ್ಲಿ ಸೋಮವಾರದ್ದನ್ನು ಕಳೆದರೆ 275 ಮರಳಿ ಬಂತು. ಯಂತ್ರವು ಕೂಡುವ ರೀತಿ ಬೇರೆ. ತತ್ತ್ವ ಮಾತ್ರ ಇದೇ. ಆದರೆ ಸರಿಪಡಿಸುವುದಕ್ಕೆ ಮೊದಲೇ ಸೋಮವಾರದ ಅಂಕಿಯ ಮೇಲೂ ಮಸಿ ಬಿದ್ದರೆ, ಯಾವ ಗುಮಾಸ್ತನಿಂದಲೂ ಆ ಲೆಕ್ಕ ಹೊರಡದು. ಒಂದು ಮಸಿಕಲೆಗೂ ಇನ್ನೊಂದಕ್ಕೂ ನಡುವಿನ ಅವಧಿಯಲ್ಲಿ ಮನೆಯವರು ಏನು ಮಾಡುತ್ತಾರೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಮರಳಿ ಜೋಡಿ ಮಾಡುವ ಬಗೆ

ಮೊದಲನೆಯ ಕೆಲಸ ಹೊಸ ಡಿಸ್ಕನ್ನು ಕೊಳ್ಳುವುದಲ್ಲ. ಇರುವುದನ್ನು ಬೇರೆಡೆಗೆ ಪ್ರತಿ ಮಾಡಿಕೊಳ್ಳುವುದು. ಪೆಟ್ಟಿಗೆ ಇನ್ನೂ ಓದಬಲ್ಲುದಾಗಿರುವಾಗಲೇ ಮತ್ತೆ ಸಿಗಲಾರದ ಚಿತ್ರ, ಹಾಡು, ಪತ್ರಗಳನ್ನು ಹೊರಗಿನ ಬೇರೊಂದು ಡಿಸ್ಕಿಗೆ ಇಳಿಸಿಕೊಳ್ಳತಕ್ಕದ್ದು. ಅಂಗಡಿಯಲ್ಲಿ ಮತ್ತೆ ದೊರೆಯುವ ಸಿನಿಮಾಗಳು ಕಾಯಬಹುದು.

ಎರಡನೆಯದು, ಕೆಟ್ಟದ್ದು ಯಾವುದೆಂದು ನಿಶ್ಚಯಿಸುವುದು. ಪ್ರತಿಯೊಂದು ಡಿಸ್ಕಿನ ಮೇಲೂ ಅದರದೇ ಕ್ರಮಸಂಖ್ಯೆ ಅಚ್ಚಾಗಿರುತ್ತದೆ; ಪೆಟ್ಟಿಗೆಯು ದೂರುತ್ತಿರುವ ಸಂಖ್ಯೆಗೂ ಕೈಯಲ್ಲಿರುವುದರ ಸಂಖ್ಯೆಗೂ ತಾಳೆ ನೋಡಬೇಕು. ಎಡದ್ದೋ ಬಲದ್ದೋ ಎಂದು ಊಹಿಸಿ ಎಳೆದು, ಬದುಕಿದ್ದ ಡಿಸ್ಕನ್ನೇ ಹೊರತೆಗೆದು ಎಲ್ಲವನ್ನೂ ಕಳೆದುಕೊಂಡವರು ಲೋಕದಲ್ಲಿ ಕಡಮೆಯಿಲ್ಲ. ಕೆಲವೊಮ್ಮೆ ಡಿಸ್ಕು ನೆಟ್ಟಗಿದ್ದು, ಅದು ಕುಳಿತಿರುವ ಜಾಗದ ಸಂಪರ್ಕ ಸಡಿಲವಾಗಿರುವುದೂ ಉಂಟು. ಯಂತ್ರ ನಡೆಯುತ್ತಿರುವಾಗಲೇ ಡಿಸ್ಕನ್ನು ತೆಗೆಯಬಹುದೆಂದು ಕೈಪಿಡಿಯಲ್ಲಿ ಹೇಳಿದ್ದರೆ ಸರಿ. ಇಲ್ಲವಾದರೆ ಯಂತ್ರವನ್ನು ಕ್ರಮವಾಗಿ ನಿಲ್ಲಿಸಿಯೇ ಕೈಹಾಕಬೇಕು.

ಮೂರನೆಯದು ಕೊಳ್ಳುವಿಕೆ. ಕಾಟನ್‌ಪೇಟೆಯವರಿಗೆ ಇದಕ್ಕಾಗಿ ದೂರ ಹೋಗುವ ಪ್ರಮೇಯವಿಲ್ಲ. ಗಣಕದ ಬಿಡಿಭಾಗಗಳಿಗೆ ಹೆಸರಾದ ಎಸ್.ಪಿ. ರಸ್ತೆ ಹತ್ತಿರದಲ್ಲೇ ಇದೆ. ಹಳೆಯ ಡಿಸ್ಕಿನ ವಾರಂಟಿ ಮುಗಿದಿದೆಯೇ ಎಂಬುದನ್ನು ಮೊದಲು ನೋಡಬೇಕು. ಹೊಸದು ಹಳೆಯದರಷ್ಟೇ ಅಥವಾ ಅದಕ್ಕಿಂತ ದೊಡ್ಡದಾಗಿರಬೇಕು. ಎಳ್ಳಷ್ಟು ಕಡಮೆಯಾದರೂ ಪೆಟ್ಟಿಗೆ ಒಪ್ಪದಿರಬಹುದು. ಇನ್ನೊಂದು ಸೂಕ್ಷ್ಮವಿದೆ. ಕೆಲವು ಡಿಸ್ಕುಗಳಲ್ಲಿ ಬರೆಹದ ಸಾಲುಗಳು ಮಂಗಳೂರು ಹೆಂಚಿನಂತೆ ಒಂದರ ಮೇಲೊಂದು ಸ್ವಲ್ಪ ಸ್ವಲ್ಪ ಹೊದ್ದಿರುತ್ತವೆ. ಒಂದು ಹೆಂಚನ್ನು ಬದಲಿಸಬೇಕಾದರೆ ಮೇಲಿನ ಹೆಂಚುಗಳನ್ನೂ ಎತ್ತಿ ಮತ್ತೆ ಹೊದಿಸಬೇಕಾದಂತೆ, ಇವುಗಳಲ್ಲಿ ತಿದ್ದಿ ಬರೆಯುವುದು ಬಹು ನಿಧಾನ. ‘ಎಸ್.ಎಂ.ಆರ್.’ ಎಂಬ ಈ ಜಾತಿ ಒಂಟಿ ಡಿಸ್ಕಾಗಿ ಸಾಕು. ಜೋಡಿಯ ಮರುನಿರ್ಮಾಣಕ್ಕೆ ಸಲ್ಲದು. ‘ಸಿ.ಎಂ.ಆರ್.’ ಜಾತಿಯದನ್ನೇ ಕೇಳಿ ಕೊಳ್ಳಬೇಕು. ಬಳಸಿದ ಡಿಸ್ಕನ್ನು ಹೊಸದೆಂದು ಮಾರಿದ ಪ್ರಸಂಗಗಳು 2025ರಲ್ಲಿ ಯೂರೋಪಿನಲ್ಲಿ ಬೆಳಕಿಗೆ ಬಂದುವು. ಆದ್ದರಿಂದ ಡಿಸ್ಕು ಈವರೆಗೆ ಎಷ್ಟು ಗಂಟೆ ನಡೆದಿದೆ ಎಂದು ಅದರೊಳಗೇ ದಾಖಲಾಗಿರುವ ಲೆಕ್ಕವನ್ನು ನೋಡಿಬಿಡುವುದು ಲೇಸು.

ನಾಲ್ಕನೆಯದು ಜೋಡಿಸುವುದು. ಹೊಸ ಡಿಸ್ಕು ಕುಳಿತ ಮೇಲೆ ಯಂತ್ರವು ಪ್ರಶ್ನೆಗಳನ್ನು ಕೇಳುತ್ತದೆ. ‘ರಿಪೇರಿ’ ಅಥವಾ ‘ರೀಬಿಲ್ಡ್’ ಎಂಬುದನ್ನು ಮಾತ್ರ ಆರಿಸಬೇಕು. ಹೊಸದಾಗಿ ರಚಿಸು, ಆರಂಭದಿಂದ ಸಿದ್ಧಗೊಳಿಸು ಎಂಬ ಅರ್ಥದ ಗುಂಡಿಗಳನ್ನು ಮುಟ್ಟಕೂಡದು. ಅವು ಉಳಿದ ಡಿಸ್ಕಿನಲ್ಲಿರುವುದನ್ನೂ ಅಳಿಸಿಹಾಕಬಲ್ಲುವು.

ಆಮೇಲೆ ಕಾಯುವ ಕೆಲಸ. ನಾಲ್ಕು ಟೆರಾಬೈಟಿನ ಡಿಸ್ಕು ಸೆಕೆಂಡಿಗೆ 150 ಮೆಗಾಬೈಟಿನಂತೆ ನಿಲ್ಲದೆ ಬರೆದರೂ ಏಳೂವರೆ ಗಂಟೆ ಹಿಡಿಯುತ್ತದೆ. ನಡುನಡುವೆ ಮನೆಯವರು ಅದನ್ನು ಬಳಸುತ್ತಿದ್ದರೆ ಒಂದು ಹಗಲು ರಾತ್ರಿಯಾದರೂ ಆಶ್ಚರ್ಯವಿಲ್ಲ. ಹಳೆಯ ಡಿಸ್ಕು ಈ ಅವಧಿಯಲ್ಲಿ ತುದಿಯಿಂದ ತುದಿಗೆ ಓದಲ್ಪಡುತ್ತದೆ. ವರ್ಷಗಳಿಂದ ಯಾರೂ ತೆರೆಯದ ಮೂಲೆಯಲ್ಲಿ ಅಡಗಿದ್ದ ದೋಷವು ಹೊರಬೀಳುವುದು ಈಗಲೇ. ಅನೇಕ ಸಾಮಾನ್ಯ ಡಿಸ್ಕುಗಳಿಗೆ ತಯಾರಕರೇ ಕೊಟ್ಟಿರುವ ಮಿತಿಯಂತೆ, ಸುಮಾರು 12.5 ಟೆರಾಬೈಟು ಓದುವಷ್ಟರಲ್ಲಿ ಒಂದು ಕಡೆ ಓದಲಾಗದೆ ಹೋಗಬಹುದು. ಮೊದಲು ಪ್ರತಿ ಮಾಡಿಕೊಳ್ಳಬೇಕೆಂದು ಹೇಳಿದ್ದು ಇದಕ್ಕಾಗಿಯೇ. ನಡುವೆ ಕರೆಂಟು ಹೋಗದಂತೆ ಯು.ಪಿ.ಎಸ್. ಇರಲಿ, ಬೆಂಗಳೂರಿನ ಮಳೆಗಾಲದ ಸಂಜೆಗಳನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದೀಪ ಹಸಿರಾದ ಮೇಲೆ, ಇಡೀ ಡಿಸ್ಕನ್ನು ತಿಂಗಳಿಗೊಮ್ಮೆ ಓದಿ ಪರೀಕ್ಷಿಸುವಂತೆ ಯಂತ್ರಕ್ಕೆ ಆಜ್ಞೆ ಮಾಡಿಡಬೇಕು. ಸದ್ದಡಗಿಸಿದವರು ಯಾರೇ ಇರಲಿ, ಆ ಎಚ್ಚರಿಕೆ ಮನೆಯ ಇಬ್ಬರ ಫೋನಿಗಾದರೂ ಬರುವಂತಿರಬೇಕು.

ಅತ್ತಿಮಬ್ಬೆಯ ವಿವೇಕ

ಇಷ್ಟಾದರೂ ಕನ್ನಡಿಯ ಮಿತಿಯೊಂದನ್ನು ಮರೆಯಲಾಗದು. ಮಗು ಅರಿಯದೆ ಒಂದು ಚಿತ್ರವನ್ನು ಅಳಿಸಿದರೆ, ಅದು ಎರಡು ಡಿಸ್ಕಿನಲ್ಲೂ ಒಂದೇ ಕ್ಷಣದಲ್ಲಿ ಅಳಿಯುತ್ತದೆ. ದೂರದ ದುಷ್ಟನೊಬ್ಬ ಗಣಕಕ್ಕೆ ನುಗ್ಗಿ ಬೀಗ ಹಾಕಿದರೆ ಎರಡಕ್ಕೂ ಬೀಗ. ಕಳ್ಳ ಬಂದರೆ ಪೆಟ್ಟಿಗೆಯನ್ನೇ ಒಯ್ಯುತ್ತಾನೆ. ಬೆಂಕಿಗೂ ನೀರಿಗೂ ಎಡ ಬಲ ಎಂಬ ಭೇದವಿಲ್ಲ. ಜೋಡಿ ಡಿಸ್ಕು ಯಂತ್ರದ ಒಂದು ಅಂಗ ಕೆಟ್ಟಾಗ ಕೆಲಸ ನಿಲ್ಲದಂತೆ ಕಾಯುತ್ತದೆ. ಮನೆತನದ ಆಸ್ತಿಯನ್ನು ಕಾಯಲು ಅದೊಂದೇ ಸಾಲದು.

ಈ ವಿವೇಕವನ್ನು ಕಲಿಯಲು ಕನ್ನಡಿಗರು ಬರ್ಕ್ಲಿಯವರೆಗೆ ಹೋಗಬೇಕಾಗಿರಲಿಲ್ಲ. ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನ ಕವಿಯ ‘ಶಾಂತಿಪುರಾಣ’ವನ್ನು ತನ್ನ ವೆಚ್ಚದಿಂದ ಸಾವಿರ ಪ್ರತಿ ಬರೆಯಿಸಿ ಹಂಚಿದಳು. ಅಚ್ಚಿನ ಯಂತ್ರವಿಲ್ಲದ ಕಾಲ. ಒಂದೊಂದು ಗರಿಯನ್ನೂ ಕಂಠದಿಂದ ಕೊರೆದು ಬರೆಯಬೇಕಾಗಿದ್ದ ಕಾಲ. ಆ ಸಾವಿರ ಪ್ರತಿಗಳನ್ನು ಆಕೆ ತನ್ನ ಮನೆಯ ಒಂದೇ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳಲಿಲ್ಲ ಎಂಬುದನ್ನು ಗಮನಿಸಬೇಕು. ಪೊನ್ನನದೇ ಆದ ‘ಭುವನೈಕ ರಾಮಾಭ್ಯುದಯ’ ಇಂದು ದೊರೆಯುವುದಿಲ್ಲ, ‘ಶಾಂತಿಪುರಾಣ’ ದೊರೆಯುತ್ತದೆ. ಒಂದು ಉಳಿದು ಇನ್ನೊಂದು ಅಳಿಯಲು ಕಾರಣಗಳು ಹಲವಿದ್ದಾವು. ಆದರೂ ಊರೂರಿಗೆ ಹೋದ ಪ್ರತಿಗಳಿಗೆ ಹುಳು, ಬೆಂಕಿ, ಮಳೆಗಳ ಬಾಯಿಂದ ತಪ್ಪಿಸಿಕೊಳ್ಳುವ ದಾರಿಗಳೂ ಹಲವು ಎಂಬುದರಲ್ಲಿ ಸಂದೇಹವಿಲ್ಲ.

ಸಾಮಾನ್ಯ ಸಂಸಾರಕ್ಕೆ ಸಾವಿರ ಪ್ರತಿ ಬೇಡ, ಮೂರು ಸಾಕು. ಎರಡು ಬಗೆಯ ಸಾಧನಗಳ ಮೇಲೆ ಮೂರು ಪ್ರತಿ, ಅವುಗಳಲ್ಲೊಂದು ಮನೆಯ ಹೊರಗೆ ಎಂಬುದು ಬಲ್ಲವರು ಹೇಳುವ ಸೂತ್ರ. ಕಾಟನ್‌ಪೇಟೆಯ ಮನೆಯ ಮೂರನೆಯ ಪ್ರತಿ ಮಲ್ಲೇಶ್ವರದ ಅಕ್ಕನ ಬೀರುವಿನಲ್ಲೋ ಮೈಸೂರಿನ ಚಿಕ್ಕಪ್ಪನ ಮನೆಯಲ್ಲೋ ಇರಬಹುದು. ಆರು ತಿಂಗಳಿಗೊಮ್ಮೆ ಹಬ್ಬಕ್ಕೆ ಹೋದಾಗ ಹೊಸದನ್ನು ಕೊಟ್ಟು ಹಳೆಯದನ್ನು ತಂದರಾಯಿತು. ಆ ಪ್ರತಿ ಓದಲು ಬರುತ್ತದೆಯೇ ಎಂದು ಒಮ್ಮೆ ತೆರೆದು ನೋಡುವುದನ್ನು ಮಾತ್ರ ಮರೆಯಕೂಡದು.

ಸತ್ತ ಡಿಸ್ಕಿಗೆ ಬದಲು ಹೊಸ ಡಿಸ್ಕು ಅಂಗಡಿಯಲ್ಲಿ ದೊರೆಯುತ್ತದೆ. ಅಜ್ಜಿಯ ಹಾಡು ಯಾವ ಅಂಗಡಿಯಲ್ಲೂ ದೊರೆಯದು. ದೀಪ ಕೆಂಪಾದ ದಿನ, ಹಬ್ಬ ಕಳೆಯಲಿ ಎಂದು ಕಾಯುವ ಮೊದಲು ಮನೆಯವರು ಇದೊಂದನ್ನು ಯೋಚಿಸಿದರೆ ಸಾಕು.